ಕ್ಲಾಸಿನ ನೆಲ ಎಲ್ಲಿಂದ ಬಂತು

ಆರನೇ ಕ್ಲಾಸಿನ ಹುಡುಗನೊಬ್ಬ ಬಿದ್ದ ರಬ್ಬರ್ ಎತ್ಕೊಳ್ಳೋಕೆ ಅಂತ ಬೆಂಚಿನ ಕೆಳಗೆ ಬಗ್ಗಿದವನು ಎಷ್ಟೊತ್ತಾದ್ರೂ ಏಳ್ಲಿಲ್ಲ. ನಾನು ಬೋರ್ಡ್ ಮೇಲೆ ಪ್ರಶ್ನೋತ್ತರ ಬರೀತಿದ್ದೆ, ಉಳಿದ ಹದಿನಾರು ಮಕ್ಕಳು ತಲೆ ಬಗ್ಗಿಸಿ ಅದನ್ನ ಇಳಿಸ್ಕೊಳ್ತಿದ್ರು. ಏನೋ ಅದು ಅಂತ ಹತ್ತಿರ ಹೋದ್ರೆ, ನೆಲದ ಮೇಲೆ ಬಣ್ಣ ಎದ್ದುಹೋಗಿದ್ದ ಒಂದು ಜಾಗದಲ್ಲಿ ಅಂಗೈ ಇಟ್ಕೊಂಡು ಕೂತಿದ್ದ. "ಟೀಚರ್, ಇದು ನಮ್ಮೂರ ಪರಸಿ ಅದರಿ" ಅಂದ. ನಂಗೆ ಅರ್ಥ ಆಗ್ಲಿಲ್ಲ. "ಪರಸಿ ಅಂದ್ರೆ?" "ಪರಸಿ ರೀ, ಕಲ್ಲು. ನಮ್ಮ ಮುತ್ಯಾ ಖಣಿನಾಗ ಇದನ್ನ ಒಡೀತಿದ್ದ."

ನಾನು ಅವತ್ತು ಹೇಳಿದ್ದು ಇಷ್ಟೇ, ಸರಿ, ಮೊದಲು ಬೋರ್ಡ್ ಮೇಲಿಂದು ಬರ್ಕೋ. ಆ ಮಾತು ಈಗಲೂ ನನಗೆ ಚುಚ್ಚುತ್ತೆ. ಯಾಕಂದ್ರೆ ಬೋರ್ಡ್ ಮೇಲೆ ನಾನು ಬರೀತಿದ್ದ ಪಾಠ ಶಿಲೆಗಳು ಮತ್ತು ಶಿಲೆಗಳ ಪ್ರಕಾರ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಜಲಜಶಿಲೆಗೆ ಉದಾಹರಣೆ ಕೊಡಿ, ಸುಣ್ಣದಕಲ್ಲು. ಹುಡುಗ ಆ ಸುಣ್ಣದಕಲ್ಲಿನ ಮೇಲೆ ಕೈ ಇಟ್ಕೊಂಡೇ ಕೂತಿದ್ದ.

ಮುಂಬೈ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಬಗ್ಗೆ ಊರ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಅದರಲ್ಲಿ ಕನ್ನಡನೂ ಒಂದು, ಪುಸ್ತಕ ಪುಣೆಯ ಬಾಲಭಾರತಿಯದ್ದು, ಮಹಾರಾಷ್ಟ್ರದ ಸಿಲಬಸ್ಸೇ ಕನ್ನಡದಲ್ಲಿ ಅಚ್ಚಾಗಿ ಬರುತ್ತೆ. ಮೊದಲೆಲ್ಲ ಕರಾವಳಿಯಿಂದ ಬಂದ ಹೋಟೆಲಿನವರ ಮಕ್ಕಳು ಇರ್ತಿದ್ರಂತೆ, ಈಗ ನನ್ನ ಕ್ಲಾಸಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಅಪ್ಪ ಅಮ್ಮ ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ, ಅಂದ್ರೆ ಕೂಲಿಯವರು ಕೆಲಸಕ್ಕೆ ಕಾಯೋ ರಸ್ತೆ ಕೂಡುವಲ್ಲಿ, ನಿಂತಿರ್ತಾರೆ, ಯಾರಾದ್ರೂ ಬಂದು ಕರ್ಕೊಂಡು ಹೋದ್ರೆ ಅವತ್ತು ಕೆಲಸ, ಇಲ್ಲಾಂದ್ರೆ ಹತ್ತು ಗಂಟೆಗೆ ವಾಪಸ್ ಮನೆಗೆ. ಮಕ್ಕಳು ಮನೇಲಿ ಅವರ ಕಡೆಯ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಒಂದು ವಿಷಯ, ಪುಸ್ತಕದಲ್ಲಿ ಇನ್ನೊಂದು ಥರದ ಕನ್ನಡ. ನಾನು ಉಡುಪಿ ಕಡೆಯವಳು, ಮನೆಮಾತು ತುಳು, ಮದುವೆಯಾಗಿ ಇಲ್ಲಿಗೆ ಬಂದೆ. ಕಪ್ಪು ಮಣ್ಣನ್ನ ಕಣ್ಣಾರೆ ನೋಡಿದ್ದೇ ಆಮೇಲೆ. ಅಂದ್ರೆ ಈ ಮಕ್ಕಳ ಊರಿನ ಬಗ್ಗೆ ಅವರಿಗೆ ಗೊತ್ತಿರೋದ್ರಲ್ಲಿ ಕಾಲು ಭಾಗವೂ ನನಗೆ ಗೊತ್ತಿರ್ಲಿಲ್ಲ, ಆದ್ರೂ ಪಾಠ ಮಾಡೋಳು ನಾನೇ.

ಬಣ್ಣದ ವಿಷಯ ಹೇಳ್ಬೇಕು. 2015ರಲ್ಲಿ ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ ಅಂತ ಸರ್ಕಾರದ ಕಾರ್ಯಕ್ರಮ ಶುರುವಾಯ್ತು, ಜೊತೆಗೆ ಜ್ಞಾನರಚನಾವಾದ (ಮಗು ತಾನೇ ಜ್ಞಾನ ಕಟ್ಟಿಕೊಳ್ಳುತ್ತೆ ಅನ್ನೋ ವಿಚಾರ) ಅನ್ನೋ ಪದ ಎಲ್ಲಾ ಶಾಲೆಗಳಲ್ಲೂ ಓಡಾಡ್ತು. ಸಾತಾರಾ ಜಿಲ್ಲೆಯ ಕುಮಠೆ ಬೀಟಿನ (ಒಬ್ಬ ಅಧಿಕಾರಿಯ ಕೈಕೆಳಗಿನ ಶಾಲೆಗಳ ಗುಂಪಿಗೆ ಅಲ್ಲಿ ಬೀಟ್ ಅಂತಾರೆ) ಶಾಲೆಗಳನ್ನ ನೋಡೋಕೆ ರಾಜ್ಯದ ಮೂಲೆಮೂಲೆಯಿಂದ ಟೀಚರ್‌ಗಳು ಹೋಗಿ ಬಂದ್ರು. ಅಲ್ಲಿ ಮಕ್ಕಳು ನೆಲದ ಮೇಲೆ ಕೂತು, ಕಲ್ಲು, ಹುಣಸೆಬೀಜ, ಕಡ್ಡಿ ಕಟ್ಟು ಇಟ್ಕೊಂಡು ತಾವೇ ಲೆಕ್ಕ ಕಲೀತಿದ್ರು, ಓದು ಕಲೀತಿದ್ರು. ಅದು ನಿಜವಾದ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಒಂದು ಒಳ್ಳೇ ಕೆಲಸ ಇನ್ನೊಂದು ಕಡೆ ಹೋಗುವಾಗ ಮೊದಲು ಹೋಗೋದು ಅದರ ಬಣ್ಣ. ನಮ್ಮಲ್ಲೂ ನೆಲದ ಮೇಲೆ ಆಯಿಲ್ ಪೇಂಟಲ್ಲಿ ವೃತ್ತ, ಚೌಕ, ಭಾರತದ ನಕಾಶೆ, ಸೌರಮಂಡಲ ಎಲ್ಲ ಬರೆಸಿದ್ವಿ. ನಾನೇ ಮುಂದೆ ನಿಂತು ಬರೆಸಿದ್ದು. ಚೆನ್ನಾಗಿತ್ತು, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ವಿ. ನಾಲ್ಕು ವರ್ಷದಲ್ಲಿ ಕಾಲು ತುಳಿದು ತುಳಿದು ಬಣ್ಣ ಎದ್ದುಹೋಯ್ತು, ಕೆಳಗಿನ ಕಲ್ಲು ಕಾಣಿಸ್ತು, ಆ ಕಲ್ಲನ್ನ ಗುರುತು ಹಿಡಿದದ್ದು ಈ ಹುಡುಗ. ನೆಲದ ಮೇಲೆ ಇಷ್ಟೆಲ್ಲ ಬರೆಸಿದ ನಾವು ಯಾರೂ ಈ ನೆಲ ಎಲ್ಲಿಂದ ಬಂತು ಅಂತ ಒಂದು ದಿನ ಕೇಳಿರ್ಲಿಲ್ಲ.

ಅವತ್ತು ಸಂಜೆ ಮನೆಗೆ ಹೋಗಿ ಯಜಮಾನರನ್ನ ಕೇಳಿದೆ. ಅವರು ಹುಟ್ಟಿ ಬೆಳೆದದ್ದು ಇಲ್ಲೇ. "ಅದು ಶಹಾಬಾದಿ ಲಾದಿ ಅಲ್ವಾ, ಹಳೇ ಚಾಳ್‌ಗಳಲ್ಲೆಲ್ಲ ಅದೇ ಇರೋದು" ಅಂದ್ರು. ಶಹಾಬಾದ್ ಎಲ್ಲಿದೆ ಅಂತ ಕೇಳಿದ್ರೆ ಅವರಿಗೂ ಗೊತ್ತಿಲ್ಲ. ಅದು ಕಲಬುರಗಿ ಜಿಲ್ಲೆಯಲ್ಲಿದೆ, ಮುಂಬೈಯಿಂದ ಸೋಲಾಪುರ ದಾಟಿ ಹೋಗೋ ರೈಲು ಲೈನ್ ಮೇಲೇ ಇದೆ. ಮುಂಬೈಯವರು ಎಷ್ಟೋ ತಲೆಮಾರು ಆ ಕಲ್ಲಿನ ಮೇಲೆ ಮಲಗಿ ಎದ್ದಿದ್ದಾರೆ, ಅದನ್ನ ಒಡೆದವರ ಮೊಮ್ಮಕ್ಕಳು ಈಗ ಇಲ್ಲಿ ಅದರ ಮೇಲೆ ಕೂತು ಓದ್ತಿದ್ದಾರೆ.

ಮರುದಿನ ನಾನು ಪಾಠ ನಿಲ್ಲಿಸಿ ಆ ಹುಡುಗನನ್ನ ಮುಂದೆ ಕರೆದೆ. ನಿನ್ನೆ ಏನೋ ಹೇಳ್ತಿದ್ದೆಯಲ್ಲ, ಹೇಳು. ಮೊದಲು ನಾಚ್ಕೊಂಡ, ಆಮೇಲೆ ಬಿಡ್ಲೇ ಇಲ್ಲ. ಖಣಿಯಲ್ಲಿ ಕಲ್ಲು ಪದರ ಪದರ ಇರುತ್ತಂತೆ, ಗಡಾರಿ ಹಾಕಿ ಎಬ್ಬಿಸಿದ್ರೆ ಹಪ್ಪಳದ ಹಾಗೆ ಬಿಡಿಸ್ಕೊಂಡು ಬರುತ್ತಂತೆ, ಮೇಲಿನ ಪದರ ಒಂದು ಬಣ್ಣ, ಕೆಳಗೆ ಹೋದ ಹಾಗೆ ಇನ್ನೊಂದು ಬಣ್ಣ. ಪುಸ್ತಕದಲ್ಲಿ "ಜಲಜಶಿಲೆಗಳು ಪದರ ಪದರವಾಗಿ ರಚನೆಯಾಗುತ್ತವೆ" ಅಂತ ಒಂದು ವಾಕ್ಯ ಇದೆ, ಎಷ್ಟೋ ವರ್ಷದಿಂದ ಅದನ್ನ ನಾನು ಅಂಡರ್‌ಲೈನ್ ಮಾಡಿಸ್ತಿದ್ದೆ. ಆ ವಾಕ್ಯ ಏನು ಹೇಳ್ತಿದೆ ಅಂತ ನನಗೆ ಕಂಡಿದ್ದು ಅವತ್ತು.

ಆಮೇಲೆ ಒಬ್ಬಳು ಕೇಳಿದ್ಳು, ಪದರ ಯಾಕಾಗ್ತದ್ರಿ? ಅದನ್ನ ನಾನು ಹೇಳ್ಬಹುದಿತ್ತು. ಹೇಳ್ಲಿಲ್ಲ. ಒಂದು ಗಾಜಿನ ಬಾಟ್ಲಿ ತಂದು ಮಣ್ಣು, ಮರಳು, ಸೀಮೆಸುಣ್ಣದ ಪುಡಿ ಹಾಕಿ ನೀರು ತುಂಬಿ ಅಲ್ಲಾಡಿಸಿ ಕಿಟಕಿ ಮೇಲೆ ಇಟ್ವಿ. ಮರುದಿನ ನೋಡಿದ್ರೆ ಮರಳು ಕೆಳಗೆ, ಮಣ್ಣು ಮೇಲೆ, ಅದರ ಮೇಲೆ ಬಿಳಿ. "ಅಂದ್ರ ಟೀಚರ್, ನಮ್ಮೂರಾಗ ನೀರ್ ನಿಂತಿತ್ತು?" ಹೌದು, ಸಮುದ್ರ ಇತ್ತು, ಡೈನೊಸಾರ್‌ಗಳು ಹುಟ್ಟೋಕಿಂತ ಎಷ್ಟೋ ಕೋಟಿ ವರ್ಷ ಮೊದಲು. ಆ ಹೊತ್ತಿಗೆ ಕ್ಲಾಸಲ್ಲಿ ಆದ ಮೌನ ನನಗೆ ಇನ್ನೂ ನೆನಪಿದೆ. ಮಳೆ ಇಲ್ಲದೆ ಊರು ಬಿಟ್ಟು ಬಂದ ಮಕ್ಕಳು ಅವರು, ಅವರ ಊರಿನ ಜಾಗದಲ್ಲಿ ಸಮುದ್ರ ಇತ್ತು ಅಂತ ಅವರಿಗೆ ಅವರೇ ಹೇಳ್ಕೊಂಡಿದ್ರು.

ಪರಸಿ ಪುಡಿ ಮೇಲೆ ನಿಂಬೆರಸ ಹಿಂಡಿದ್ವಿ, ಸಣ್ಣಗೆ ಗುಳ್ಳೆ ಎದ್ವು. ಕಾಂಪೌಂಡಿನ ಕರೀಕಲ್ಲಿನ ಪುಡಿ ಮೇಲೆ ಹಿಂಡಿದ್ರೆ ಏನೂ ಇಲ್ಲ. ನಮ್ಮ ಅಡುಗೆಮನೆಯ ಲಾದಿ ಮೇಲೆ ನಿಂಬೆಹಣ್ಣು ಬಿದ್ರೆ ಬೆಳ್ಳಗೆ ಕಲೆ ಯಾಕೆ ಆಗುತ್ತೆ ಅನ್ನೋದಕ್ಕೆ ನನಗೂ ಅವತ್ತೇ ಉತ್ತರ ಸಿಕ್ತು.

ಇಷ್ಟು ಹೇಳಿದ ಮೇಲೆ ಥಿಯರಿ ಬಗ್ಗೆ ಸ್ವಲ್ಪ. ಡಿ.ಎಡ್ ಮಾಡುವಾಗ ಮಕ್ಕಳ ಕಲಿಕೆ ಬಗ್ಗೆ ಬರೆದ ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್, ಡ್ಯೂಯಿ ಎಲ್ಲರನ್ನೂ ಓದಿದ್ವಿ, ಅಂದ್ರೆ ಬಾಯಿಪಾಠ ಮಾಡಿದ್ವಿ. ಮಗು ಖಾಲಿ ಪಾತ್ರೆ ಅಲ್ಲ, ಜ್ಞಾನವನ್ನ ತನ್ನ ಅನುಭವದಿಂದ ತಾನೇ ಕಟ್ಟಿಕೊಳ್ಳುತ್ತೆ ಅನ್ನೋದನ್ನ ನಾವು ಬಾಯಿಪಾಠ ಮಾಡಿ ಪರೀಕ್ಷೇಲಿ ಬರೆದು ಪಾಸಾದ್ವಿ. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮೊದಲ ತತ್ವವೇ ಶಾಲೆಯ ಕಲಿಕೆಯನ್ನ ಹೊರಗಿನ ಬದುಕಿಗೆ ಜೋಡಿಸಬೇಕು ಅನ್ನೋದು. 5ಇ ಮಾದರಿಯ ಪಾಠ ಯೋಜನೆ ಬಂತು, ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ, ಐದು ಕಾಲಂ. ನಾನು ವರ್ಷಗಟ್ಟಲೆ ಆ ಕಾಲಂ ತುಂಬಿದ್ದೀನಿ, ಮತ್ತೆ ಪ್ರಾಮಾಣಿಕವಾಗಿ ಹೇಳ್ತೀನಿ, ತೊಡಗಿಸಿಕೊಳ್ಳುವಿಕೆ ಅನ್ನೋ ಕಾಲಂನಲ್ಲಿ ನಾನು ಬರೀತಿದ್ದದ್ದು ನಾನು ಕೇಳೋ ಪ್ರಶ್ನೆಗಳನ್ನ. ಉತ್ತರ ನನಗೆ ಮೊದಲೇ ಗೊತ್ತಿರೋ ಪ್ರಶ್ನೆಗಳನ್ನ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತೆ ರೀ. ಟೀಚರ್ ಮನಸ್ಸಲ್ಲಿ ಏನೋ ಒಂದು ಶಬ್ದ ಇದೆ, ಅದನ್ನ ಊಹಿಸಿ ಹೇಳಿದ್ರೆ ಶಭಾಷ್ ಸಿಗುತ್ತೆ ಅಂತ ಗೊತ್ತಾದ ಕೂಡ್ಲೇ ಅವರು ಯೋಚನೆ ಮಾಡೋದು ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡ್ತಾರೆ.

ಸಮಾಜ ವಿಜ್ಞಾನ ಬೋರ್ ಅಂತ ಮಕ್ಕಳು ಹೇಳೋದು ಇದಕ್ಕೇ ಅಂತ ನನ್ನ ಅನಿಸಿಕೆ. ಗಣಿತದಲ್ಲಿ ಕೊನೆಪಕ್ಷ ಲೆಕ್ಕ ತಾನೇ ಬಿಡಿಸ್ಬೇಕು, ವಿಜ್ಞಾನದಲ್ಲಿ ಒಂದು ಪ್ರಯೋಗ ಆದ್ರೂ ಇರುತ್ತೆ. ಇತಿಹಾಸದಲ್ಲಿ ಎಲ್ಲ ಮುಗಿದುಹೋಗಿದೆ, ಎಲ್ಲ ಯಾರೋ ಬರೆದಾಗಿದೆ, ಇವನು ಬರ್ಕೊಂಡ್ರೆ ಸಾಕು. ಇಸವಿ ನೆನಪಿಡೋದು ಕಷ್ಟ ಅಂತ ಎಲ್ಲರೂ ಹೇಳ್ತಾರೆ, ನಿಜವಾದ ಕಷ್ಟ ಅದಲ್ಲ, ಕ್ರಿಕೆಟ್ ಸ್ಕೋರ್ ಎಷ್ಟು ಬೇಕಾದ್ರೂ ನೆನಪಿಡ್ತಾರೆ ಅವರು. ಅಲ್ಲಿ ತಾನು ಮಾಡೋದು ಏನೂ ಇಲ್ಲ ಅನ್ನೋದೇ ಕಷ್ಟ.

ಪರಸಿಯಿಂದ ಶುರುವಾದದ್ದು ರೈಲಿಗೆ ಹೋಯ್ತು. ಕಲ್ಲು ಹೆಂಗೆ ಬಂತು ಇಲ್ಲಿಗೆ ಅಂತ ಯಾರೋ ಕೇಳಿದ್ರು. ಈ ಮಕ್ಕಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಅಂದ್ರೆ ಅಜ್ಜಿಮನೆ ದಾರಿ, ಬೆಳಿಗ್ಗೆ ಹೊರಟ್ರೆ ಸೋಲಾಪುರದವರೆಗೂ ಹಗಲಲ್ಲೇ ಹೋಗುತ್ತೆ. ಸ್ಟೇಷನ್ ಹೆಸರು ಹೇಳಿ ಅಂದ್ರೆ ಒಂದೇ ಉಸಿರಲ್ಲಿ, ಕಲ್ಯಾಣ, ಕರ್ಜತ್, ಲೋಣಾವಳ, ಪುಣೆ, ದೌಂಡ್, ಕುರ್ಡುವಾಡಿ, ಸೋಲಾಪುರ, ಅಕ್ಕಲಕೋಟ ರೋಡ್, ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ. ನಕಾಶೆಯಲ್ಲಿ ನದಿ ಗುರುತಿಸು ಅಂದ್ರೆ ತಡಬಡಾಯಿಸೋ ಮಕ್ಕಳು! ಬೋರ್ಡ್ ಮೇಲೆ ಉದ್ದಕ್ಕೆ ಗೆರೆ ಎಳೆದು ಸ್ಟೇಷನ್ ಬರೆದು, ಪ್ರತಿ ಸ್ಟೇಷನ್ ಕೆಳಗೆ ನಿಮಗೆ ಏನು ಕಾಣ್ಸುತ್ತೆ ಹೇಳಿ ಅಂದೆ. ಕರ್ಜತ್‌ನಲ್ಲಿ ಹಿಂದೆ ಎಕ್ಸ್‌ಟ್ರಾ ಇಂಜಿನ್ ಹಚ್ತಾರ್ರಿ, ವಡಾಪಾವ್ ಬರ್ತದ್ರಿ. ಯಾಕೆ ಹಚ್ತಾರೆ? ಗುಡ್ಡ ಹತ್ತಬೇಕಲ್ರಿ. ಲೋಣಾವಳದಲ್ಲಿ ಮಂಜು, ಕಿಟಕಿ ಮುಚ್ಚಬೇಕು, ಮಳೆ ಒಳಗೆ ಬರುತ್ತೆ. ಪುಣೆ ದಾಟಿದ್ರೆ ಮಳೆ ಇಲ್ಲ. ದೌಂಡ್ ಆದ ಮೇಲೆ ಗಿಡ ಕಮ್ಮಿ, ಮಣ್ಣು ಕಪ್ಪು, ಕುರಿ.

ಮಳೆ ನೆರಳಿನ ಪ್ರದೇಶ ಅನ್ನೋದನ್ನ ಅವರೇ ಬೋರ್ಡ್ ಮೇಲೆ ಬರೆಸಿಬಿಟ್ಟಿದ್ರು, ನಾನು ಸೇರಿಸಿದ್ದು ಆ ಹೆಸರು ಮಾತ್ರ, ಮತ್ತೆ ಎರಡು ಅಂಕಿ: ಲೋಣಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ಸೋಲಾಪುರಕ್ಕೆ ಬಂದ್ರೆ ಅದರ ಕಾಲು ಭಾಗವೂ ಇಲ್ಲ.

ಆದ್ರೆ ಇಲ್ಲೇ ಒಂದು ವಿಷಯ ಆಯ್ತು, ಅದನ್ನ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಮಕ್ಕಳೇ ಎಲ್ಲ ಕಟ್ಟಿಕೊಳ್ತಾರೆ ಅಂತ ಬಿಟ್ಟುಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಇದು ಉದಾಹರಣೆ. ಮಣ್ಣು ಯಾಕೆ ಕಪ್ಪು ಅಂತ ಗುಂಪಲ್ಲಿ ಮಾತಾಡಿ ಬನ್ನಿ ಅಂದೆ. ಒಂದು ಗುಂಪು ಬಂದು ಹೇಳ್ತು, ಮೊದಲು ಕಲ್ಲಿದ್ದಲಿನ ಇಂಜಿನ್ ಓಡ್ತಿತ್ತು, ಅದರ ಹೊಗೆ ಮತ್ತೆ ಬೂದಿ ಬಿದ್ದು ಬಿದ್ದು ಮಣ್ಣು ಕಪ್ಪಾಗಿದೆ. ಎಷ್ಟು ಚಂದದ ಯೋಚನೆ ನೋಡಿ! ಕಾರಣ ಇದೆ, ಪುರಾವೆ ಇದೆ, ಕಂಡದ್ದಕ್ಕೆ ಹೊಂದುತ್ತೆ, ಮತ್ತೆ ಪೂರ್ತಿ ತಪ್ಪು. ಮೊದಲಾಗಿದ್ರೆ ತಪ್ಪು ಕೂತ್ಕೋ ಅಂತಿದ್ದೆ. ಟ್ರೈನಿಂಗ್‌ನಲ್ಲಿ ಕೆಲವರು ಹೇಳೋ ಹಾಗೆ ಮಗುವಿನ ಉತ್ತರ ಯಾವುದೂ ತಪ್ಪಲ್ಲ ಅಂತ ಬಿಟ್ಟಿದ್ರೆ ಅದು ಇನ್ನೂ ದೊಡ್ಡ ಅನ್ಯಾಯ ಆಗ್ತಿತ್ತು. ನಾನು ಕೇಳಿದೆ, ರೈಲು ಹೋಗದ ಊರು ಯಾರದು? ನಾಲ್ಕು ಕೈ ಎದ್ವು. ನಿಮ್ಮ ಹೊಲದ ಮಣ್ಣು ಯಾವ ಬಣ್ಣ? ಕರೀದ್ರಿ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಆ ಗುಂಪಿನ ಹುಡುಗನೇ "ಹಂಗಾದ್ರ ಹೊಗಿ ಅಲ್ಲ" ಅಂದ. ಅವನ ಮುಖದಲ್ಲಿ ಸೋತ ಹಾಗೆ ಇರ್ಲಿಲ್ಲ.

ಹೊಗೆ ಅಲ್ಲ ಅನ್ನೋದನ್ನ ಅವರು ಕಂಡುಕೊಂಡ್ರು, ಆದ್ರೆ ಏನು ಅನ್ನೋದನ್ನ ಕಂಡುಕೊಳ್ಳೋಕೆ ಸಾಧ್ಯ ಇರ್ಲಿಲ್ಲ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಹರಿದು ದಖ್ಖನ್ ಪ್ರಸ್ಥಭೂಮಿ ಆಯ್ತು, ಆ ಬಸಾಲ್ಟ್ ಕಲ್ಲು ಸವೆದೇ ಕಪ್ಪು ಮಣ್ಣು ಅಂತ ಹನ್ನೊಂದು ವರ್ಷದ ಮಗು ತಾನೇ ಕಟ್ಟಿಕೊಳ್ಳೋಕೆ ಆಗಲ್ಲ. ಅಲ್ಲಿ ಟೀಚರ್ ಬೇಕು, ಪುಸ್ತಕ ಬೇಕು. ವೈಗೋಟ್‌ಸ್ಕಿ ಹೇಳಿದ ಸಮೀಪಸ್ಥ ವಿಕಾಸ ವಲಯ ಅಂದ್ರೆ ಇದೇ ತಾನೇ, ಮಗು ಒಬ್ಬನೇ ಎಲ್ಲಿವರೆಗೆ ಬರುತ್ತೆ, ಕೈ ಹಿಡಿದ್ರೆ ಎಲ್ಲಿವರೆಗೆ ಬರುತ್ತೆ, ಆ ನಡುವಿನ ಜಾಗ. ಆ ಹೊತ್ತಿಗೆ ನಾನು ಲಾವಾ ಕಥೆ ಹೇಳಿದಾಗ ಅವರು ಕೇಳಿದ ಥರ ಯಾವತ್ತೂ ಕೇಳಿರ್ಲಿಲ್ಲ, ಯಾಕಂದ್ರೆ ಉತ್ತರ ಬರೋ ಮೊದಲೇ ಪ್ರಶ್ನೆ ಅವರ ಹತ್ತಿರ ಇತ್ತು.

ಘಾಟಿನ ಮಾತು ಬಂದಾಗ ಇತಿಹಾಸ ತಾನಾಗೇ ಬಂತು. 1853ರ ಏಪ್ರಿಲ್ 16ಕ್ಕೆ ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು, ಇದು ಎಲ್ಲರಿಗೂ ಬಾಯಿಪಾಠ. ಕರ್ಜತ್ ಮತ್ತೆ ಲೋಣಾವಳದ ನಡುವಿನ ಭೋರ್ ಘಾಟ್ ಹತ್ತಿ ರೈಲು ಹೋಗೋಕೆ 1863 ಆಗ್ಬೇಕಾಯ್ತು. ಹತ್ತು ವರ್ಷ ಯಾಕೆ ಬೇಕಾಯ್ತು ಅಂತ ಕೇಳಿದ್ದಕ್ಕೆ ಒಂದು ಹುಡುಗಿ ಹೇಳಿದ್ಳು, ಕೈಯಿಂದ ಒಡೀಬೇಕಲ್ರಿ. ಅವಳ ಅಮ್ಮ ಬಿಲ್ಡಿಂಗ್ ಕೆಲಸಕ್ಕೆ ಹೋಗ್ತಾಳೆ. ಹತ್ತಾರು ಸಾವಿರ ಕೆಲಸಗಾರರು ಆ ಗುಡ್ಡ ಕೊರೆದ್ರು, ಕಾಲರಾ ಬಂದು, ಜ್ವರ ಬಂದು, ಸಿಡಿಮದ್ದಿಗೆ ಸಿಕ್ಕಿ ಸಾವಿರಾರು ಜನ ಸತ್ರು. ಕಂಟ್ರಾಕ್ಟರ್ ಸೊಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡಾಗ ಅವನ ಹೆಂಡತಿ ಆಲಿಸ್ ಆ ಕಂಟ್ರಾಕ್ಟ್ ಮುಗಿಸಿಕೊಟ್ಳು ಅಂತ ಹೇಳಿದೆ. ಹೆಣ್ಣುಮಕ್ಕಳಿಗೆ ಅದು ಭಾಳ ಹಿಡಿಸ್ತು. ಆದ್ರೆ ಅದೇ ಹುಡುಗಿ ಕೇಳಿದ್ಳು, "ಕಲ್ಲು ಒಡೆದೋರ ಹೆಸರು ಎಲ್ಲಿ ಬರದಾರ್ರಿ?" ನನ್ನ ಹತ್ತಿರ ಅದಕ್ಕೆ ಉತ್ತರ ಇರ್ಲಿಲ್ಲ, ಇಲ್ಲ ಅಂತಲೇ ಹೇಳಿದೆ. ಇತಿಹಾಸದ ಸಾಧನಗಳು ಅನ್ನೋ ಪಾಠದಲ್ಲಿ ಲಿಖಿತ, ಭೌತಿಕ, ಮೌಖಿಕ ಅಂತ ಮೂರು ಬರುತ್ತೆ. ಯಾರ ಹೆಸರು ಲಿಖಿತದಲ್ಲಿ ಉಳಿಯುತ್ತೆ, ಯಾರದ್ದು ಬರೀ ಸುರಂಗವಾಗಿ ಉಳಿಯುತ್ತೆ ಅನ್ನೋದನ್ನ ಅವತ್ತು ಒಂದು ಪೀರಿಯಡ್ ಪೂರ್ತಿ ಮಾತಾಡಿದ್ವಿ.

ಮಳಖೇಡದ್ದೂ ಹೀಗೇ. ಮಾನ್ಯಖೇಟ ರಾಷ್ಟ್ರಕೂಟರ ರಾಜಧಾನಿ, ಬಿಟ್ಟ ಸ್ಥಳ ತುಂಬಿರಿ, ಒಂದು ಮಾರ್ಕ್. ಆ ಮಾನ್ಯಖೇಟವೇ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿ ದಂಡೆ ಮೇಲಿರೋದು ಅಂದಾಗ ಒಬ್ಬಳು ನಿಂತೇಬಿಟ್ಳು, ಅದು ನಮ್ಮ ಅತ್ತಿ ಊರು ಟೀಚರ್, ಅಲ್ಲಿ ಸಿಮೆಂಟ್ ಫ್ಯಾಕ್ಟರಿ ಅದ. ಸಿಮೆಂಟ್ ಯಾಕೆ ಅಲ್ಲಿ? ಸುಣ್ಣದಕಲ್ಲು! ಹಿಂದಿನ ಬೆಂಚಿಂದ ಪರಸಿ ಹುಡುಗ ಕೂಗಿದ. ಅದೇ ವಂಶದ ಒಂದನೇ ಕೃಷ್ಣ ವೇರೂಳದ, ಅಂದ್ರೆ ಎಲ್ಲೋರಾದ, ಕೈಲಾಸ ದೇವಾಲಯ ಕೊರೆಸಿದ್ದು ಅಂತ ಹೇಳಿದ್ದೇ ತಡ, ಹಂಗಾದ್ರ ವೇರೂಳ ನಮ್ದು ಅಂತ ಗಲಾಟೆ ಶುರುವಾಯ್ತು. ನಮ್ಮ ಬಿಲ್ಡಿಂಗ್‌ನಲ್ಲೇ ಮರಾಠಿ ಮಾಧ್ಯಮನೂ ಇದೆ. ಅಲ್ಲಿನ ಬಾಯಿ (ಮರಾಠಿಯಲ್ಲಿ ಟೀಚರನ್ನ ಹಾಗೇ ಕರೆಯೋದು) ನನಗೆ ಸ್ನೇಹಿತೆ, ಇಬ್ಬರೂ ಮಾತಾಡಿ ಎರಡು ಕ್ಲಾಸನ್ನ ಒಟ್ಟಿಗೆ ಕೂರಿಸಿ ನಡುವೆ ನಕಾಶೆ ಹಾಸಿದ್ವಿ. ಆ ಕಾಲದ ರಾಜ್ಯ ಈಗಿನ ಎರಡೂ ರಾಜ್ಯದ ಮೇಲೆ ಹರಡಿರೋದನ್ನ ಮಕ್ಕಳೇ ಬೆರಳಿಟ್ಟು ಎಳೆದ್ರು. ಸ್ವಾತಂತ್ರ್ಯ ಬಂದ ಮೇಲೂ, 1956ರ ನವೆಂಬರ್ 1ರವರೆಗೆ, ವಿಜಯಪುರ ಮುಂಬೈ ರಾಜ್ಯದಲ್ಲಿತ್ತು, ಪಕ್ಕದ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು ಅನ್ನೋದು ಗೊತ್ತಾದಾಗ, ಒಂದೇ ಬೆಂಚಲ್ಲಿ ಕೂರೋ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಹೊಸಬರ ಹಾಗೆ ನೋಡಿದ್ರು. "ಅಂದ್ರ ಇವ್ರ ಮುತ್ಯಾ ನಮ್ಮ ಮುತ್ಯಾನ್ ಊರಿಗೆ ಬಂದ್ರ ಬ್ಯಾರೆ ರಾಜ್ಯಕ್ಕ ಬಂದಂಗ?" ಹೌದಪ್ಪ, ಹಾಗೇ.

ನನ್ನಿಂದ ಆದ ಒಂದು ತಪ್ಪು ಇದೆ, ಅದನ್ನ ಹೇಳದೆ ಈ ಬರಹ ಮುಗಿಸೋಕೆ ಮನಸ್ಸು ಒಪ್ಪಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೀತಿದೆ ಅಂತ ಉತ್ಸಾಹದಲ್ಲಿ ವಲಸೆ ಪಾಠಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟೆ, ನಿಮ್ಮ ಮನೆಯವರು ಮುಂಬೈಗೆ ಯಾಕೆ ಬಂದ್ರು ಕೇಳಿ ಬರ್ಕೊಂಡು ಬನ್ನಿ, ಕ್ಲಾಸಲ್ಲಿ ಓದಿ. ಹೆಚ್ಚಿನವರು ತಂದ್ರು. ಆಲಮಟ್ಟಿ ಕಡೆಯ ಒಂದು ಹುಡುಗಿ ಮೂರು ದಿನ ತರ್ಲಿಲ್ಲ, ನಾಲ್ಕನೇ ದಿನ ಶಾಲೆಗೇ ಬರ್ಲಿಲ್ಲ. ನಾನು ಎಲ್ಲರ ಮುಂದೆ ಎರಡು ಸಲ ಕೇಳಿದ್ದೆ. ಆಮೇಲೆ ಅವಳ ಅಮ್ಮ ಬಂದು ಬಾಗಿಲ ಹತ್ತಿರ ನಿಂತು ಹೇಳಿದ್ರು, "ಅಕ್ಕೋರ, ಸಾಲದ್ ಮಾತು ಹುಡುಗಿ ಎಲ್ಲಾರ ಮುಂದ ಹ್ಯಾಂಗ ಓದ್ತಾಳ್ರಿ." ನಾನು ಅವರ ಕೈ ಹಿಡ್ಕೊಂಡು ಕ್ಷಮೆ ಕೇಳಿದೆ. ಮಗುವಿನ ಅನುಭವದಿಂದ ಪಾಠ ಶುರು ಮಾಡಿ ಅಂತ ಎಲ್ಲ ಕಡೆ ಬರೆದಿರ್ತಾರೆ. ಆ ಅನುಭವ ನಮ್ಮ ಪಾಠಕ್ಕೆ ಸಾಮಾನು ಅಲ್ಲ, ಕೊಡೋದು ಬಿಡೋದು ಮಗುವಿಗೆ ಸೇರಿದ್ದು. ಅವತ್ತಿಂದ ನಾನು ಮನೆಯವರನ್ನೇ ಕೇಳಿ ಅಂತ ಹೇಳಲ್ಲ, ಯಾರನ್ನ ಕೇಳ್ಬೇಕು ಅನ್ನೋದನ್ನ ಅವರಿಗೇ ಬಿಡ್ತೀನಿ, ಓದಿ ಹೇಳೋದೂ ಕಡ್ಡಾಯ ಇಲ್ಲ.

ಅದೇ ಹುಡುಗಿ ಮುಂದೆ ನೀರಿನ ಪಾಠದಲ್ಲಿ ಬಾಯಿ ಬಿಟ್ಳು. ನಾಗರಿಕಶಾಸ್ತ್ರದಲ್ಲಿ ಮಹಾನಗರಪಾಲಿಕೆಯ ಕಾರ್ಯಗಳು ಅಂತ ಬರುತ್ತೆ, ನೀರು ಪೂರೈಕೆ ಮೊದಲನೇದು. ಹದಿನೈದು ದಿನ ಮಕ್ಕಳು ತಮ್ಮ ಓಣಿಯಲ್ಲಿ ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ಎಷ್ಟು ಹಂಡಾ ಸಿಕ್ತು ಅಂತ ಬರೆದಿಟ್ರು. ಒಬ್ಬರ ಓಣಿಗೆ ಬೆಳಗಿನ ನಾಲ್ಕಕ್ಕೆ, ರಸ್ತೆ ದಾಟಿದ್ರೆ ಇನ್ನೊಬ್ಬರಿಗೆ ಸಂಜೆ ಆರಕ್ಕೆ. ಯಾಕೆ ಹೀಗೆ ಅನ್ನೋದಕ್ಕೆ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ, ಚಾವಿವಾಲಾ ಒಬ್ಬರನ್ನ ಕ್ಲಾಸಿಗೆ ಕರೆಸಿದ್ವಿ. ಮುಂಬೈಯಲ್ಲಿ ಪಾಲಿಕೆಯ ನೀರಿನ ವಾಲ್ವ್ ತೆರೆದು ಮುಚ್ಚೋರನ್ನ ಹಾಗೇ ಕರೆಯೋದು. ಅವರು ತಮ್ಮ ಉದ್ದದ ಕಬ್ಬಿಣದ ಚಾವಿ ತಂದು ಬಾಗಿಲಿಗೆ ಒರಗಿಸಿಟ್ಟು, ಯಾವ ವಾಲ್ವ್ ಯಾವಾಗ, ಒಂದನ್ನ ತೆರೆದ್ರೆ ಇನ್ನೊಂದನ್ನ ಯಾಕೆ ಮುಚ್ಚಬೇಕು ಅಂತ ಹಿಂದಿಯಲ್ಲಿ ಹೇಳಿದ್ರು. ಮಕ್ಕಳು ಒಂದು ಗಂಟೆ ಅವರನ್ನ ಬಿಡ್ಲಿಲ್ಲ. ಅವರು ಹೋಗೋವಾಗ ನನ್ನ ಹತ್ತಿರ, ಇಷ್ಟು ವರ್ಷ ಕೆಲಸ ಮಾಡ್ತಿದ್ದೀನಿ, ಯಾರೂ ನನ್ನ ಕೆಲಸದ ಬಗ್ಗೆ ಕೇಳಿರ್ಲಿಲ್ಲ ಬಾಯಿ, ಬೈಯ್ಯೋಕೆ ಮಾತ್ರ ಬರ್ತಾರೆ ಅಂದ್ರು.

ಮುಂಬೈಗೆ ಏಳು ಕೆರೆ. ವಿಹಾರ್ 1860ರದ್ದು, ತುಳಸಿ 1879ರದ್ದು, ಇವೆರಡೇ ಊರೊಳಗೆ ಇರೋದು. ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ಮೇಲಿನ ವೈತರಣಾ, 2014ರಲ್ಲಿ ಬಂದ ಮಧ್ಯ ವೈತರಣಾ, ಇವೆಲ್ಲ ಠಾಣೆ, ಪಾಲ್ಘರ್, ನಾಸಿಕ್ ಕಡೆ. ದೂರದ ಅಣೆಕಟ್ಟಿನ ನೀರು ನೂರು ಕಿಲೋಮೀಟರ್ ಆಚೆಯಿಂದ ಬರುತ್ತೆ. ನಕಾಶೆಯಲ್ಲಿ ಪೈಪ್‌ಲೈನ್ ಗೆರೆ ಎಳೀತಿದ್ದಾಗ ಆ ಹುಡುಗಿ ಭಾತ್ಸಾ ಅಣೆಕಟ್ಟಿನ ಹತ್ತಿರ ಬೆರಳು ನಿಲ್ಲಿಸಿ ಮೆಲ್ಲಗೆ ಕೇಳಿದ್ಳು, "ಇಲ್ಲೂ ಮುಳುಗಡಿ ಆಗ್ಯಾವೇನ್ರಿ ಊರು?"

ಮುಳುಗಡೆ ಅನ್ನೋ ಪದ ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಬರೀ ಪದ ಅಲ್ಲ. ಆಲಮಟ್ಟಿ ನೀರಿಗೆ ಬಾಗಲಕೋಟೆ ಪಟ್ಟಣದ ಒಂದು ಭಾಗವೇ ಹೋಗಿ ನವನಗರ ಕಟ್ಟಬೇಕಾಯ್ತು, ಎಷ್ಟೋ ಹಳ್ಳಿ ಎತ್ತಂಗಡಿಯಾದ್ವು. ಹೌದು ಆಗಿದೆ ಅಂದೆ. ಭಾತ್ಸಾಕ್ಕೂ ಊರುಗಳು ಹೋಗಿವೆ, ಅಷ್ಟೇ ಅಲ್ಲ, ಅಣೆಕಟ್ಟು ಇರೋ ಶಹಾಪುರ ತಾಲೂಕಿನ ಎಷ್ಟೋ ಪಾಡಾಗಳಿಗೆ, ಅಂದ್ರೆ ಸಣ್ಣ ಹಾಡಿಗಳಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಅವಳು ತನ್ನ ನೋಟ್‌ಬುಕ್ ತೆಗೆದು ಹದಿನೈದು ದಿನದ ಹಂಡಾ ಲೆಕ್ಕ ನೋಡಿದ್ಳು. ಆಮೇಲೆ ಅದರ ಕೆಳಗೆ ಏನೋ ಬರೆದ್ಳು. ನಾನು ಕೇಳ್ಲಿಲ್ಲ, ಅವಳೂ ತೋರಿಸ್ಲಿಲ್ಲ.

ಎಲ್ಲ ಪಾಠನೂ ಹೀಗೆ ಮಾಡೋಕಾಗುತ್ತಾ ಅಂತ ಕೇಳಿದ್ರೆ, ಆಗಲ್ಲ. ಪೀರಿಯಡ್ ಮೂವತ್ತೈದು ನಿಮಿಷ, ಮಧ್ಯೆ ಮಧ್ಯೆ ಸರ್ವೆ, ಎಲೆಕ್ಷನ್ ಡ್ಯೂಟಿ. ವರ್ಷಕ್ಕೆ ನಾಲ್ಕೈದು ಪಾಠ ಮಾಡ್ತೀನಿ, ಉಳಿದದ್ದು ಓದಿಸಿ, ವಿವರಿಸಿ, ಬರೆಸಿ ಮುಗಿಸ್ತೀನಿ. ಹದಿನೇಳು ಮಕ್ಕಳ ಕ್ಲಾಸಲ್ಲಿ ಆಗೋದು ಅರವತ್ತು ಮಕ್ಕಳ ಕ್ಲಾಸಲ್ಲಿ ಆಗೋದು ಕಷ್ಟ, ಅದನ್ನೂ ಒಪ್ತೀನಿ. ಹತ್ತನೇ ಕ್ಲಾಸಿಗೆ ಹೋದ್ರೆ ಬೋರ್ಡ್ ಪರೀಕ್ಷೆ, ಇತಿಹಾಸ ರಾಜ್ಯಶಾಸ್ತ್ರ 40, ಭೂಗೋಳ 40, ಅಲ್ಲಿ ಬರೆದದ್ದಕ್ಕೇ ಮಾರ್ಕ್ಸ್. ಮಾತಲ್ಲಿ ಅಷ್ಟು ಚೆನ್ನಾಗಿ ಹೇಳಿದ ಪರಸಿ ಹುಡುಗ ಪೇಪರಲ್ಲಿ "ಕಲ್ಲು ಪದರ ಇರ್ತಾವ" ಅಂತ ಒಂದು ಸಾಲು ಬರೆದು ಇಟ್ಟಿದ್ದ. ಈಗ ಪ್ರತಿ ಚಟುವಟಿಕೆ ಕೊನೆಗೆ ಹತ್ತು ನಿಮಿಷ ಬರೆಯೋಕೆ ಇಡ್ತೀನಿ, ಮೊದಲು ಅವರ ಮಾತಲ್ಲಿ, ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ. ಅವರ ಕನ್ನಡ ತಪ್ಪು ಅಂತ ಯಾವತ್ತೂ ಹೇಳಲ್ಲ.

ಆಸಕ್ತಿ ಹೆಚ್ಚಿದೆ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಒಬ್ಬರು ಟ್ರೈನಿಂಗ್‌ನಲ್ಲಿ ಕೇಳಿದ್ರು, ಪ್ರಶ್ನಾವಳಿ ಏನಾದ್ರೂ ಮಾಡಿದ್ದೀರಾ ಅಂತ. ಇಲ್ಲ. ಕೈ ಎತ್ತೋದನ್ನ ನಾನು ನಂಬಲ್ಲ, ಹೊಸ ಆಟ ಬಂದ್ರೆ ಎಲ್ಲ ಮಕ್ಕಳೂ ಎರಡು ದಿನ ಕೈ ಎತ್ತುತ್ತಾರೆ. ನಾನು ನೋಡೋದು ಒಂದೇ, ಹೇಳದೇ ಇದ್ದದ್ದನ್ನ ಯಾರಾದ್ರೂ ತರ್ತಾರಾ ಅಂತ.

ಮಾರ್ಚಲ್ಲಿ ಕಲಬುರಗಿ ಶರಣಬಸವೇಶ್ವರ ಜಾತ್ರೆ, ನನ್ನ ಕ್ಲಾಸ್ ಅರ್ಧ ಖಾಲಿ ಆಗುತ್ತೆ. ಪರಸಿ ಹುಡುಗನೂ ಹೋಗಿದ್ದ, ಹನ್ನೆರಡು ದಿನ ಗೈರು. ವಾಪಸ್ ಬಂದವನು ಬ್ಯಾಗಿಂದ ನ್ಯೂಸ್‌ಪೇಪರಲ್ಲಿ ಕಟ್ಟಿದ ನಾಲ್ಕು ಪೊಟ್ಟಣ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟ. ಒಂದೊಂದರ ಮೇಲೂ ಪೆನ್ಸಿಲಲ್ಲಿ ಹೆಸರು: ವಾಡಿ, ಕಲಬುರಗಿ, ಸೋಲಾಪುರ, ದೌಂಡ್. ಮಣ್ಣು. ಗಾಡಿ ನಿಂತಲ್ಲೆಲ್ಲ ಇಳಿದು ಪ್ಲಾಟ್‌ಫಾರ್ಮ್ ತುದಿಗೆ ಓಡಿ ಹಿಡಿ ಮಣ್ಣು ತಂದಿದ್ದಾನೆ, ಅವರಪ್ಪ ಬೈದಿದ್ದಾರೆ. ವಾಡಿಯ ಪೊಟ್ಟಣ ಬಿಚ್ಚಿದ್ರೆ ಮಣ್ಣಿನ ಜೊತೆ ಬೂದುಬಣ್ಣದ ತೆಳು ಚೂರುಗಳು, ಸೋಲಾಪುರದ್ದು ಒಣಗಿ ಬಿರುಕು ಬಿಟ್ಟು ಗಟ್ಟಿ ಉಂಡೆ. ಮಕ್ಕಳೆಲ್ಲ ಸುತ್ತ ನಿಂತು ಮೂಸಿ ನೋಡ್ತಿದ್ರು. ನೀವೇನು ನಂಬ್ತೀರೋ ಗೊತ್ತಿಲ್ಲ, ನಾಲ್ಕಕ್ಕೂ ನಾಲ್ಕು ಥರ ವಾಸನೆ ಇತ್ತು.

"ಕರ್ಜತ್‌ದು ಎಲ್ಲಿ?" ಅಂತ ಯಾರೋ ಕೇಳಿದ್ರು.

"ಅಲ್ಲಿ ಎಲ್ಲಾ ಸಿಮೆಂಟ್ ಅದರಿ ಟೀಚರ್, ಮಣ್ಣೇ ಸಿಗ್ಲಿಲ್ಲ" ಅಂದ. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಆದ್ರ ಆ ಸಿಮೆಂಟ್ ಎಲ್ಲಿಂದು ಇರ್ಬೇಕ್ರಿ?"